ಕರಿಮದ್ದಿನ ಲಾಟ್ ಬದಲಾದ್ರ ಗುರಿ ಯಾಕ ತಪ್ಪತದ?

ಅಣ್ಣಾರ, ಅಮೆರಿಕದಾಗಿರೋ ನಿಮ್ಮ ಅಳಿಯ .45-70 ಅನ್ನೋ ಅಳತಿಯ ರೈಫಲ್‌ಗಿ ತಾನೇ ಕಾಡತೂಸು ತುಂಬತಾನ, ಅದೇ ಕಂಪನಿ, ಅದೇ ಕಾಳಿನ ಕರಿಮದ್ದು, ಆದ್ರ ಹೊಸ ಲಾಟಿನ (ಬ್ಯಾರೆ ಸಲ ತಯಾರಾದ ಮದ್ದಿನ) ಡಬ್ಬಿ ಒಡದಾಗಿಂದ ಗುಂಡು ಕೆಳಗ ಬೀಳಲಿಕ್ಕತ್ತದ ಅಂತ ಕೇಳೀರಿ.

ನಮ್ಮ ಕಲಬುರಗಿ ಮಂದಿಗಿ ಇದು ಹೊಸ ಮಾತಲ್ರಿ. ಒಂದೇ ಸೇರಿನಾಗ ಅಳದ್ರೂ ಹ್ವಾದ ವರ್ಷದ ತೊಗರಿ, ಈ ವರ್ಷದ ತೊಗರಿ ತಕ್ಕಡ್ಯಾಗ ಒಂದೇ ತೂಗಂಗಿಲ್ಲ. ಮದ್ದೂ ಹಂಗೇ. ಇದ್ದಿಲಿನ ಗುಣ, ಕಾಳಿನ ಗಟ್ಟಿತನ, ತ್ಯಾವ ಸ್ವಲ್ಪ ಹೆಚ್ಚುಕಮ್ಮಿ ಆದ್ರ ಉರಿಯೋ ವೇಗನೂ ಬದಲಾಗ್ತದ.

ಮೊದಲ ಹಳೇದು ಹೊಸದು ಬೆರಸಬ್ಯಾಡ ಅನ್ರಿ. ಅದೇ ಅಳತಿಲೆ ಎರಡೂ ಲಾಟ್ ಹತ್ಹತ್ತು ಸಲ ತಗದು ತೂಗಿ, ಸರಾಸರಿ ನೋಡಲಿ. ಆಮ್ಯಾಗ ಖರೇ ಕೆಲಸ ಇರೋದು ಮದ್ದನ್ನ ಕೇಸಿನಾಗ (ಕಾಡತೂಸಿನ ಕೊಳವ್ಯಾಗ) ಒತ್ತಿ ಕೂಡಿಸೋದ್ರಾಗ: ಹಗುರ ಮದ್ದನ್ನ ಅದೇ ತೂಕಕ್ಕ ತಂದ್ರ ಕೇಸಿನಾಗ ಎತ್ತರ ಏರತದ, ಅದನ್ನ ಎಷ್ಟು ಒತ್ತಬೇಕು ಅನ್ನೋದು ಬದಲಾಗ್ತದ. ತಯಾರಕರು ಕೊಟ್ಟ ಮಿತಿಯೊಳಗೇ ಒಮ್ಮಿಗಿ ಒಂದೇ ಗ್ರೇನ್ (ಮದ್ದು ತೂಗೋ ಸಣ್ಣ ಮಾಪು) ಬದಲಿಸಿ, ಗುಂಡಿನ ವೇಗ ಅಳೆಯೋ ಕ್ರೋನೋಗ್ರಾಫಿನಾಗ ವೇಗ ನೋಡಲಿ. ಮದ್ದಿಗೂ ಗುಂಡಿಗೂ ನಡುವ ಖಾಲಿ ಜಾಗ ಮಾತ್ರ ಬಿಡಬಾರದು.

ನಳಿಗಿ ಒರಸೋದೂ ಪ್ರತಿ ಸಲ ಒಂದೇ ರೀತಿ ಇರಲಿ; ನಾನು ನಳಿಗ್ಯಾಗಿನ ಮಸಿ ಮಾಡಿದ ತಪ್ಪಿಗೆ ಮದ್ದಿನ ಮ್ಯಾಲ ಸಿಟ್ಟಾಗಿ ಒಂದು ಭಾನುವಾರ ಕಳದೀನಿ.

ಹೊಗೆಯಿಲ್ಲದ ಮದ್ದನ್ನ (ಈಗಿನ ಬಂದೂಕಿನ ಸ್ಮೋಕ್‌ಲೆಸ್ ಪೌಡರ್) ಇದೇ ಅಳತಿಲೆ ತುಂಬಿದ್ರ ರೈಫಲ್ಲೇ ಒಡೀತದ, ಅದನ್ನ ಎರಡೆರಡು ಸಲ ಹೇಳ್ರಿ.