ಎರಡು ವರ್ಷಕ್ಕೇ ಫೋನ್ ಚಾರ್ಜ್ ನಿಲ್ತಿಲ್ಲ, ಹೊಸದು ತಗೋಬೇಕಾ?

ಬೇಡ ರೀ, ಬ್ಯಾಟರಿ ಒಂದು ಬದಲಾಯಿಸ್ರಿ ಸಾಕು. ಸವೆದಿರೋದು ಫೋನಲ್ಲ, ಒಳಗಿನ ಲಿಥಿಯಂ ಅಯಾನ್ ಬ್ಯಾಟರಿ. ಪ್ರತಿ ಸಲ ಚಾರ್ಜ್ ಮಾಡ್ದಾಗ್ಲೂ ಒಂಚೂರು ಲಿಥಿಯಂ ಒಳಗೇ ಪದರದಂಗೆ ಅಂಟ್ಕೊಂಡು ಮತ್ತೆ ಕೆಲಸಕ್ಕೆ ಬರಲ್ಲ, ಹಂಗಾಗಿ ಸುಮಾರು 500 ಸಲ ಪೂರ್ತಿ ಚಾರ್ಜ್ ಆಗೋ ಹೊತ್ತಿಗೆ ಹೊಸದ್ರಲ್ಲಿ ಹಿಡೀತಿದ್ದದ್ರಲ್ಲಿ ಹೆಚ್ಚುಕಮ್ಮಿ 80% ಉಳಿಯುತ್ತೆ, ಬಿಸಿ ತಾಗಿದ್ರೆ ಇನ್ನೂ ಬೇಗ ಸವೆಯುತ್ತೆ, ಅದಕ್ಕೇ ನಮ್ ದಾವಣಗೆರೆ ಏಪ್ರಿಲ್ ಬಿಸಿಲಲ್ಲಿ ಬೈಕ್ ಹ್ಯಾಂಡಲ್ಲಿಗೆ ಫೋನ್ ಸಿಗಿಸ್ಕೊಂಡು ಓಡಾಡ್ಬೇಡ್ರಿ.

ನನ್ ಫೋನಿಗೆ ಈಗ ಐದನೇ ವರ್ಷ. ಮಂಡಿಪೇಟೆ ಕಡೆ ರಿಪೇರಿ ಅಂಗಡೀಲಿ ಆ ಹುಡುಗ ಬಿಸಿಗಾಳಿ ಬಿಟ್ಟು ಗೋಂದು ಮೆತ್ತಗೆ ಮಾಡಿ, ತೆಳು ಪ್ಲಾಸ್ಟಿಕ್ ಚೂರು ತೂರಿಸಿ ಹಿಂದಿನ ಮುಚ್ಚಳ ಬಿಚ್ಚಿದ, ಹಳೇ ಬ್ಯಾಟರಿ ಹಪ್ಪಳದಂಗೆ ಉಬ್ಬಿತ್ತು. ಅರ್ಧ ಗಂಟೆ ಕೆಲಸ, ಈಗ ರಾತ್ರಿವರೆಗೂ ಚಾರ್ಜ್ ನಿಲ್ಲುತ್ತೆ.

ಇದು ದುಡ್ಡಿನ ಮಾತಷ್ಟೇ ಅಲ್ಲ. ಫೋನಿಂದ ಪರಿಸರಕ್ಕೆ ಆಗೋ ಹಾನಿ ಬಹುಪಾಲು ಅದನ್ನ ತಯಾರ್ ಮಾಡುವಾಗ್ಲೇ ಆಗೋಗಿರುತ್ತೆ, ಗಣಿ ಅಗೆದು, ಚಿಪ್ ಮಾಡಿ. ಅದಕ್ಕೇ ಇರೋದನ್ನ ಎರಡು ವರ್ಷ ಜಾಸ್ತಿ ಬಳಸೋದೇ ದೊಡ್ಡ ಉಳಿತಾಯ. 2022ರಲ್ಲಿ ಜಗತ್ತಲ್ಲಿ 6.2 ಕೋಟಿ ಟನ್ ಇ-ಕಸ ಬಿತ್ತು, ಲೆಕ್ಕಕ್ಕೆ ಸಿಕ್ಕು ಸರಿಯಾಗಿ ರೀಸೈಕಲ್ ಆಗಿದ್ದು ಕಾಲು ಭಾಗನೂ ಇಲ್ಲ.

ತೆಗೆದ ಬ್ಯಾಟರಿ ಮಾತ್ರ ದಯವಿಟ್ಟು ಮನೆ ಕಸಕ್ಕೆ ಹಾಕ್ಬೇಡಿ, ಕಸದ ಗಾಡೀಲಿ ಜಜ್ಜಿದ್ರೆ ಬೆಂಕಿ ಹತ್ಕೊಳ್ಳುತ್ತೆ. ಇ-ಕಸ ತಗೊಳ್ಳೋ ಕಡೆಗೇ ಕೊಡಿ.