ನಗರ ಯೋಜನೆಯನ್ನು ಎಐಗೆ ಬಿಟ್ಟರೆ ಪಕ್ಷಪಾತ ತಪ್ಪುತ್ತದೆಯೇ?

ರಸ್ತೆ, ಚರಂಡಿ, ಬಸ್ಸು ಎಲ್ಲಿ ಬೇಕು ಅಂತ ಎಐ ತೀರ್ಮಾನಿಸಿದರೆ ಶಿಫಾರಸು, ಪಕ್ಷಪಾತ ಇರುವುದಿಲ್ಲ ಅಲ್ವಾ ಅಂತ ಕೇಳಿದ್ದೀರಿ. ನಾನು ಮಂಗಳೂರಿನಲ್ಲಿ ಲೇಔಟ್ ನಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ನಾನು ಕಂಡ ಹಾಗೆ ಪಕ್ಷಪಾತ ಆಗಲೂ ಇರುತ್ತದೆ. ಜೊತೆಗೆ ಎಐಗೆ ನಮ್ಮ ಊರಿನ ನೆಲವೇ ಸರಿಯಾಗಿ ಗೊತ್ತಿಲ್ಲ.

ಎರಡು ವರ್ಷದ ಹಿಂದೆ ಕೊಟ್ಟಾರ ಕಡೆಯ ಒಂದು ಜಾಗದಲ್ಲಿ ಮಳೆನೀರು ಎಲ್ಲಿ ನಿಲ್ಲಬಹುದು ಅಂತ ಒಂದು ಎಐ ಸಾಫ್ಟ್‌ವೇರ್‌ನಲ್ಲಿ ನೋಡಿದೆವು. ಕೆಳಗಿನ ಮೂಲೆ ಪೂರ್ತಿ ಹಸಿರು ತೋರಿಸಿತು, ಅಂದರೆ ತೊಂದರೆ ಇಲ್ಲ. ಜಾಗಕ್ಕೆ ಹೋದಾಗ ಪಕ್ಕದ ಮನೆಯ ಅಜ್ಜಿ ತಮ್ಮ ಕಾಂಪೌಂಡ್ ಗೋಡೆ ತೋರಿಸಿದರು. ಮೊಣಕಾಲೆತ್ತರಕ್ಕೆ ಕೆಸರಿನ ಗೆರೆ ಇತ್ತು. "ಇದು ಬೈಲಲ್ವಾ ಮಗ, ಆಟಿಯಲ್ಲಿ ತೋಡು ತುಂಬಿದರೆ ನೀರು ಬರುವುದು ಇಲ್ಲಿಗೇ" ಅಂದರು. ಆಟಿ ಅಂದರೆ ಜೋರು ಮಳೆಯ ತುಳು ತಿಂಗಳು, ತೋಡು ಅಂದರೆ ಮಳೆನೀರು ಹರಿಯುವ ಸಣ್ಣ ಹಳ್ಳ. ತೋಡು ಎಲ್ಲಿದೆ ಅಂತ ಕೇಳಿದೆ. ನಾವು ನಿಂತಿದ್ದ ಸ್ಲ್ಯಾಬಿನ ಕೆಳಗೇ ಇತ್ತು!

ಉಚಿತವಾಗಿ ಸಿಗುವ ಉಪಗ್ರಹದ ಎತ್ತರದ ಮಾಹಿತಿ ಹೆಚ್ಚಾಗಿ 30 ಮೀಟರಿಗೆ ಒಂದು ಚುಕ್ಕಿ. ಒಂದೂವರೆ ಮೀಟರ್ ಅಗಲದ ತೋಡು ಅದರಲ್ಲಿ ಕಾಣುವುದೇ ಇಲ್ಲ. ತೆಂಗು, ಹಲಸು ದಟ್ಟವಾಗಿರುವ ಕಡೆ ಮರದ ಎತ್ತರವೂ ನೆಲದ ಲೆಕ್ಕಕ್ಕೆ ಸೇರಿಬಿಡುತ್ತದೆ. ತಗ್ಗಿನ ಜಾಗ ನಕ್ಷೆಯಲ್ಲಿ ದಿಬ್ಬ ಆಗುತ್ತದೆ. ನಮ್ಮ ಹಿರಿಯರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಅಂತ ಕರೆದದ್ದೇ ನೀರು ನೋಡಿ. ಬೈಲು ತಗ್ಗು, ಬೆಟ್ಟು ಎತ್ತರ, ಮಜಲು ನಡುವಿನದು. ಊರಿನ, ಮನೆಗಳ ಹೆಸರಿನಲ್ಲಿ ಅದು ಇನ್ನೂ ಉಳಿದಿದೆ. ಸಾಫ್ಟ್‌ವೇರಿಗೆ ಮಾತ್ರ ಅದನ್ನು ಯಾರೂ ಹೇಳಿಕೊಟ್ಟಿಲ್ಲ.

ಇನ್ನು ಪಕ್ಷಪಾತದ ಮಾತು. ಅಮೆರಿಕದ ಬಾಸ್ಟನ್‌ನಲ್ಲಿ 2012ರ ಸುಮಾರಿಗೆ 'ಸ್ಟ್ರೀಟ್ ಬಂಪ್' ಅಂತ ಒಂದು ಆ್ಯಪ್ ಬಂತು. ಕಾರಿನಲ್ಲಿಟ್ಟ ಫೋನು ರಸ್ತೆ ಗುಂಡಿಯ ಕುಲುಕಾಟ ಹಿಡಿದು ನಗರಾಡಳಿತಕ್ಕೆ ತಿಳಿಸುತ್ತಿತ್ತು. ಕಾರು, ಸ್ಮಾರ್ಟ್‌ಫೋನ್ ಇಲ್ಲದವರ ಬೀದಿಯ ಗುಂಡಿಯನ್ನು ಯಾರು ತಿಳಿಸಬೇಕು? ಸಂಶೋಧಕಿ ಕೇಟ್ ಕ್ರಾಫರ್ಡ್ 2013ರಲ್ಲಿ ಇದನ್ನೇ ಎತ್ತಿ ತೋರಿಸಿದರು. ಅಲ್ಲಿನ ಅಧಿಕಾರಿಗಳಿಗೂ ಈ ಎಚ್ಚರ ಇತ್ತು. ಹಾಗಾಗಿ ಊರಿಡೀ ಸುತ್ತುವ ರಸ್ತೆ ತಪಾಸಣೆಯವರ ಕೈಗೆ ಮೊದಲು ಆ್ಯಪ್ ಕೊಟ್ಟರು.

ನಮ್ಮಲ್ಲಿ ಬೆಳಗ್ಗೆ ದಕ್ಕೆಯಿಂದ (ಮೀನುಗಾರಿಕೆ ಬಂದರು) ಮೀನಿನ ಬುಟ್ಟಿ ಹೊತ್ತು ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣಕ್ಕೆ ಬಂದು ಬಸ್ ಹತ್ತುವ ಹೆಂಗಸರನ್ನು ನೋಡಿ. ಎಷ್ಟೋ ಜನರ ಹತ್ತಿರ ಬಟನ್ ಫೋನು, ಟಿಕೆಟಿಗೆ ಸೆರಗಿನಲ್ಲಿ ಕಟ್ಟಿದ ಚಿಲ್ಲರೆ. ಫೋನಿನ ಲೊಕೇಶನ್ ನೋಡಿ ಬಸ್ ರೂಟ್ ಮಾಡಿದರೆ ಅವರ ಓಡಾಟ ಲೆಕ್ಕಕ್ಕೇ ಬರುವುದಿಲ್ಲ. 'ಆ ಹೊತ್ತಿಗೆ ಜನ ಇಲ್ಲ' ಅಂತ ಒಂದು ಟ್ರಿಪ್ ತೆಗೆದರೆ ಅವರು ಯಾರ ಹತ್ತಿರ ಹೋಗಿ ಕೇಳಬೇಕು? ನನಗೆ ಜಾಸ್ತಿ ಸಂಕಟ ಆಗುವುದು ಇದೇ ವಿಷಯಕ್ಕೆ.

ಕೊಟ್ಟಾರದ ಆ ಜಾಗದಲ್ಲಿ ಮೂಲೆಯ ಮೂರು ಸೈಟು ಕೈಬಿಟ್ಟು ತೋಡಿಗೆ ದಾರಿ ಬಿಟ್ಟೆವು. ಸಾಫ್ಟ್‌ವೇರನ್ನು ಈಗಲೂ ಬಳಸುತ್ತೇನೆ, ಕೆಲಸ ಬೇಗ ಆಗುತ್ತದೆ. ಆದರೆ ಮಳೆ ಸುರಿಯುವಾಗ ಒಮ್ಮೆ ಹೋಗಿ, ಅಕ್ಕಪಕ್ಕದ ನಾಲ್ಕು ಮನೆಯಲ್ಲಿ ಕೇಳದೆ ನಕ್ಷೆ ಮುಗಿಸುವುದಿಲ್ಲ.