ನೀವು ಕೇಳಿದಿರಿ: ಗುರುವಾರ ರಾತ್ರಿಯ ಕುಣಿತ

ಪ್ರಶ್ನೆ: ಮಗಳು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಳೆ. ಸಂಜೆ ಹೊತ್ತು ಲಿಂಡಿ ಹಾಪ್ ಅನ್ನೋ ಡಾನ್ಸ್ ಕಲಿಯುತ್ತಾಳಂತೆ. ಹಬ್ಬಕ್ಕೆ ಬಂದಾಗ ನಡುಮನೆಯಲ್ಲಿ ಕುಣಿದು ತೋರಿಸಿದಳು. ಇದು ದುಡ್ಡಿದ್ದವರ ಕ್ಲಬ್ ಡಾನ್ಸ್ ಅಲ್ವಾ ಮೇಡಂ? ನಮ್ಮಂಥವರ ಮನೆ ಹುಡುಗಿಗೆ ಇದೆಲ್ಲ ಯಾಕೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇಲ್ಲಮ್ಮ, ಇದು ನಮ್ಮಂಥವರದ್ದೇ.

ನ್ಯೂಯಾರ್ಕಿನ ಹಾರ್ಲೆಮ್ ಕಪ್ಪು ಜನರ ಬಡಾವಣೆ. ಅಲ್ಲಿನ ಲೆನಾಕ್ಸ್ ಅವೆನ್ಯೂನಲ್ಲಿ 1926ರ ಮಾರ್ಚ್‌ನಲ್ಲಿ ಸವಾಯ್ ಬಾಲ್‌ರೂಮ್ ಎಂಬ ಕುಣಿತದ ಹಾಲ್ ಶುರುವಾಯಿತು. ಈ ಕುಣಿತ ಬೆಳೆದದ್ದು ಅದರ ನೆಲದ ಮೇಲೆ. ಸಾಹುಕಾರರ ಮನೆಗಳಲ್ಲಿ ಅಡುಗೆ, ಕಸ, ಮುಸುರೆ ಮಾಡುವ ಹೆಣ್ಣುಮಕ್ಕಳಿಗೆ ಗುರುವಾರ ರಜೆ. ಅವರು ಇದ್ದದ್ದರಲ್ಲೇ ಚೆನ್ನಾಗಿ ಉಟ್ಟುತೊಟ್ಟು ಸವಾಯ್‌ಗೆ ಬರುತ್ತಿದ್ದರು. ಆ ರಾತ್ರಿಗೆ ‘ಅಡುಗೆಮನೆ ಮೆಕ್ಯಾನಿಕ್‌ಗಳ ರಾತ್ರಿ’ ಅಂತಲೇ ಹೆಸರಿತ್ತು. ಅದೇ ರಸ್ತೆಯಲ್ಲಿ ನಾಲ್ಕು ಹೆಜ್ಜೆ ಮುಂದೆ ಕಾಟನ್ ಕ್ಲಬ್. ಅಲ್ಲಿ ಕುಣಿಯುವವರು ಕರಿಯರು, ಕೂತು ನೋಡುವವರು ಬಿಳಿಯರು. ಸವಾಯ್‌ನಲ್ಲಿ ಇಬ್ಬರೂ ಒಟ್ಟಿಗೆ ಕುಣಿದರು.

ಇದನ್ನು ಮೊದಲು ಓದಿದಾಗ ನನಗೆ ಅಪ್ಪ ನೆನಪಾದರು. ಅವರು ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ದುಡಿದವರು. ಪಾಳಿ ಮುಗಿಸಿ ಬಂದು, ಒಂದಿಷ್ಟು ಮಂಡಕ್ಕಿ ತಿಂದು, ಕೋಲು ಹಿಡಿದು ಕೋಲಾಟಕ್ಕೆ ಹೊರಡುತ್ತಿದ್ದರು. ಕಿವಿಯ ಹಿಂದಿನ ಕೂದಲಲ್ಲಿ ಹತ್ತಿಯ ಎಳೆ ಹಾಗೇ ಇರುತ್ತಿತ್ತು. ಹಗಲೆಲ್ಲ ಯಂತ್ರ ಹೇಳಿದಂತೆ ಕೇಳಿದ ಮೈ ಅದು. ರಾತ್ರಿ ಒಂದೆರಡು ತಾಸು ಅವರದೇ ಆಗುತ್ತಿತ್ತು.

ಹೆಸರಿನ ಬಗ್ಗೆ ಒಂದು ಮಾತು. 1927ರಲ್ಲಿ ಲಿಂಡ್‌ಬರ್ಗ್ ಒಬ್ಬನೇ ವಿಮಾನದಲ್ಲಿ ಅಟ್ಲಾಂಟಿಕ್ ದಾಟಿದ. ಲಿಂಡಿ ಅಂದರೆ ಅವನೇ. ಶಾರ್ಟಿ ಜಾರ್ಜ್ ಸ್ನೋಡನ್ ಎಂಬ ಕುಣಿತಗಾರ ಈ ಹೆಸರಿಟ್ಟ ಅಂತ ಹೇಳುತ್ತಾರೆ.

ಮಗಳು ಕುಣಿಯುವಾಗ ಕೈ ನೋಡಿ. ಇದು ಜೋಡಿ ಕುಣಿತ, ಎಂಟು ಎಣಿಕೆಯ ಹೆಜ್ಜೆ. ಇಬ್ಬರೂ ಹತ್ತಿರ ಬರುತ್ತಾರೆ, ಸುತ್ತುತ್ತಾರೆ, ಆಮೇಲೆ ಒಂದೇ ಕೈ ಹಿಡಿದು ದೂರ ಸರಿಯುತ್ತಾರೆ. ಹಾಗೆ ದೂರವಾದಾಗ ಅವರವರ ಮನಸ್ಸಿಗೆ ಬಂದ ಹೆಜ್ಜೆ ಹಾಕಬಹುದು. ನನಗೆ ಎಲ್ಲಕ್ಕಿಂತ ಇಷ್ಟ ಆ ಗಳಿಗೆಯೇ. ನಾನು ಇದನ್ನು ಕಲಿತದ್ದು 46ನೇ ವಯಸ್ಸಿನಲ್ಲಿ.

ಸವಾಯ್‌ನ ಕುಣಿತಗಾರ ಫ್ರಾಂಕಿ ಮ್ಯಾನಿಂಗ್ ಅವರ ಹೆಸರನ್ನು ಮಗಳ ಬಾಯಲ್ಲಿ ಕೇಳಿರುತ್ತೀರಿ. 1935ರಲ್ಲಿ ಅವರು ಜೊತೆಗಾತಿ ಫ್ರೀಡಾ ವಾಷಿಂಗ್ಟನ್ ಅವರನ್ನು ಬೆನ್ನ ಮೇಲಿಂದ ಉರುಳಿಸಿ ಈಚೆಗೆ ಇಳಿಸಿದರು. ಗಾಳಿಯಲ್ಲಿ ಹಾರುವ ಹೆಜ್ಜೆಗಳು ಶುರುವಾದದ್ದು ಹಾಗೆ. ಕಾಲ ಬದಲಾಗಿ ಈ ಕುಣಿತ ಮೂಲೆಗೆ ಬಿತ್ತು. ಮ್ಯಾನಿಂಗ್ ಪೋಸ್ಟಾಫೀಸಿನ ಕೆಲಸಕ್ಕೆ ಸೇರಿದರು. 1958ರಲ್ಲಿ ಸವಾಯ್ ಕೂಡ ಬಾಗಿಲು ಹಾಕಿತು. 1980ರ ದಶಕದಲ್ಲಿ ಅಮೆರಿಕ, ಸ್ವೀಡನ್ನಿನ ಹುಡುಗ ಹುಡುಗಿಯರು ಅವರನ್ನು ಹುಡುಕಿಕೊಂಡು ಬಂದರು. ಅಲ್ಲಿಂದ ಅವರು ದೇಶ ದೇಶ ಸುತ್ತಿ ಕಲಿಸಿದರು. 2009ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು.

ಮುಂದಿನ ಸಲ ಮಗಳು ಬಂದಾಗ ಸುಮ್ನೆ ನೋಡುತ್ತಾ ಕೂರಬೇಡಿ, ಕೈ ಕೊಡಿ. ನಿಮ್ಮ ಮನೆಯದು ರೆಡ್ ಆಕ್ಸೈಡ್ ನೆಲವಾದರೆ ಪಾದ ಚೆನ್ನಾಗಿ ತಿರುಗುತ್ತದೆ. ರಬ್ಬರ್ ಚಪ್ಪಲಿ ಮಾತ್ರ ಬೇಡ, ನೆಲಕ್ಕೆ ಹಿಡಿದುಕೊಂಡು ಮಂಡಿ ತಿರುಚುತ್ತದೆ.